ಅತ್ತೆಗೆ ಬಾರದ ಜ್ವರ

ನಮ್ಮೂರ ಕೆರೆ ದಂಡೆಯ ಮೇಲೆ ತಮ್ಮನ ಪಕ್ಕದಲ್ಲಿ ನಾನು ಒಂದಿಷ್ಟು ಹೊತ್ತು ಕೂರಬೇಕಿತ್ತು. ಬರುತ್ತೇನೆಂದು ಮಾತು ಕೊಟ್ಟಿದ್ದೆ. ಕೆರೆ ಏರಿಯ ತನಕ ಹೋಗಿ, ಅವನನ್ನು ಕಣ್ಣಾರೆ ಕಂಡು, ಅವನ ಕಣ್ಣಿಗೆ ಬೀಳದ ಹಾಗೆ ವಾಪಸ್ ಬಂದೆ.

ನಮ್ಮದು ಗುಡೇಕೋಟೆ ಹತ್ತಿರದ ಊರು, ಕುರಿ ಸಾಕುವ ಮನೆ. ತಮ್ಮ ಕಬಡ್ಡಿ ಆಡಿ ಹೆಸರು ಮಾಡಿದ. ರಾಜ್ಯದ ತಂಡದಲ್ಲಿದ್ದ, ಅವನ ಫೋಟೊ ಕೂಡ್ಲಿಗಿಯ ಒಂದು ಕಟಿಂಗ್ ಅಂಗಡಿಯಲ್ಲಿ ಇವತ್ತಿಗೂ ಇದೆ. ಮೊಣಕಾಲು ಕೆಟ್ಟ ಮೇಲೆ ಆಟ ಬಿಟ್ಟು ಮನೆಯಲ್ಲಿ ಕೂತ. ನಾನು ಫೋನು ಮಾಡಿದರೆ "ಹೂಂ", "ಉಂಡೆ" ಅಷ್ಟೇ. ಬಹಳ ದಿನ ಹಾಗೇ ಇದ್ದ. ಆಮೇಲೆ ಟಿವಿಯವರು ಅವನನ್ನು ಕರೆದು ಮೀನು ಹಿಡಿಯುವ ಕಾರ್ಯಕ್ರಮ ಕೊಟ್ಟರು. ಪ್ರತಿ ಭಾನುವಾರ ಒಂದು ಕೆರೆಯೋ ಹೊಳೆಯೋ. ಗಾಳ ಹಾಕಿ ಕೂತು ಅಲ್ಲಿನವರ ಜೊತೆ ಮಾತಾಡುವುದು. ಮೊದಲ ವಾರ ಅವನು ನಕ್ಕಿದ್ದನ್ನು ನೋಡಿ ನನಗೆ ಜೀವ ಬಂದಂತಾಯಿತು.

ಗಾಳ ಹಾಕುವುದನ್ನು ಅವನಿಗೆ ಕಲಿಸಿದವಳು ನಾನು. ನಾಲ್ಕನೇ ಕ್ಲಾಸಿಗೆ ನನ್ನ ಶಾಲೆ ಬಿಡಿಸಿ ಕುರಿಗಳ ಹಿಂದೆ ಕಳಿಸಿದ್ದರು. ತಮ್ಮನನ್ನೂ ಸೊಂಟದ ಮೇಲೆ ಹೊತ್ತುಕೊಂಡು ಹೋಗುತ್ತಿದ್ದೆ. ಕುರಿ ಇರುವ ಮನೆಯಲ್ಲಿ ದಿನಾ ಮಾಂಸದೂಟ ಎಂದು ಹೊರಗಿನವರು ತಿಳಿಯುತ್ತಾರೆ. ನಮ್ಮ ಕುರಿಗಳು ಸಂತೆಗೆ ಹೋಗುತ್ತಿದ್ದವು. ನಮ್ಮ ಹೊಟ್ಟೆಗೆ ಕೆರೆಯ ಮೀನು. ಕುರಿಗೆಂದು ತಂದ ಶೇಂಗಾ ಹಿಂಡಿಯಲ್ಲಿ ಒಂದು ಹಿಡಿ ಕದ್ದು, ರಾಗಿ ಮುದ್ದೆಯ ಜೊತೆ ನಾದಿ ಗಾಳಕ್ಕೆ ಸಿಕ್ಕಿಸುತ್ತಿದ್ದೆ. ಎರೆಹುಳಕ್ಕಿಂತ ಅದಕ್ಕೇ ಮೀನು ಬೇಗ ಬರುತ್ತಿತ್ತು.

ಕೊಟ್ಟೂರಿಗೆ ಸೊಸೆಯಾಗಿ ಬಂದ ಮೇಲೆ ಈ ಬಗ್ಗೆ ಬಾಯಿ ಬಿಡಲಿಲ್ಲ. ಬಂದ ಹೊಸದರಲ್ಲಿ ಓಣಿಯ ಹೆಂಗಸರು ಯಾರದೋ ಬಗ್ಗೆ ಆಡಿಕೊಳ್ಳುತ್ತಿದ್ದರು: "ಕುರಿ ಇದ್ದೋರು ಮೀನ ಹಿಡೀತಾರೇನವ್ವಾ? ಅದು ಇಲ್ದೋರ ಊಟ." ನಾನೂ ಅವರ ಜೊತೆ ನಕ್ಕೆ. "ನಮ್ಮನ್ಯಾಗ ಅದರ ವಾಸನೀನೂ ಗೊತ್ತಿಲ್ಲ" ಅಂದೆ. ತಮ್ಮ ಟಿವಿಯಲ್ಲಿ ಬರತೊಡಗಿದಾಗ, ಗಾಳ ಹಾಕುವುದನ್ನು ಕ್ರೀಡಾ ಹಾಸ್ಟೆಲಿನಲ್ಲಿ ಕಲಿತ ಎಂದು ಹೇಳಿಬಿಟ್ಟೆ.

ಕಳೆದ ವರ್ಷ ಅವನು ಫೋನು ಮಾಡಿದ. "ಅಕ್ಕಾ, ಮುಂದಿನ ವಾರ ನಮ್ಮೂರ ಕೆರಿ. ನೀ ಬರಬೇಕು. ಈಕೀನ ನನ್ನ ಗುರು ಅಂತ ತೋರಿಸ್ಬೇಕು."

"ನಂಗ ಮಾತಾಡಾಕ ಬರಂಗಿಲ್ಲೋ."

"ಮಾತು ನಾ ಆಡ್ತೀನಿ, ನೀ ಹಿಂಡಿ ಕಲಸು. ಆ ಕೆರ್ಯಾಗ ನೀ ಇಲ್ದಿದ್ರ ನಂಗ ಒಂದು ಕಪ್ಪಿನೂ ಸಿಗಂಗಿಲ್ಲ."

ಶೂಟಿಂಗಿನ ದಿನ ತವರಿಗೆ ಹೋಗಿ ಬರುತ್ತೇನೆಂದು ಅತ್ತೆಗೆ ಹೇಳಿ, ನಾದಿದ ಹಿಂಡಿಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಏರಿಯ ಮೇಲೆ ನಿಂತು ನೋಡಿದರೆ ಕೆಳಗೆ ಕ್ಯಾಮೆರಾ, ಸುತ್ತ ಊರಿನ ಗಂಡಸರು, ನಡುವೆ ತಮ್ಮ, ಅವನ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಭಾನುವಾರ ಓಣಿಯವರೆಲ್ಲ ನನ್ನನ್ನು ಆ ಕುರ್ಚಿಯಲ್ಲಿ ನೋಡುತ್ತಾರೆ ಅನ್ನಿಸಿತು. ತಿರುಗಿ ಬಸ್ ಸ್ಟಾಪಿಗೆ ಬಂದು ಫೋನು ಮಾಡಿದೆ.

"ನಮ್ಮ ಅತ್ತೀಗೆ ಜ್ವರ ಬಂದೈತೋ. ಬಿಟ್ಟು ಬರಾಕ ಆಗವಲ್ದು."

"ಹೌದಾ? ಹಂಗಾರ ಬ್ಯಾಡ ಬಿಡು. ಅವರನ್ನ ದವಾಖಾನಿಗೆ ಕರ್ಕೊಂಡು ಹೋಗು ಮೊದ್ಲ." ಅಷ್ಟೇ ಹೇಳಿದ.

ಭಾನುವಾರ ನಮ್ಮ ಮನೆಯಲ್ಲಿ ಎಲ್ಲರೂ ಟಿವಿ ಮುಂದೆ ಕೂತಿದ್ದೆವು. ಪಕ್ಕದ ಮನೆಯಾಕೆಯೂ ಬಂದಿದ್ದಳು. ತಮ್ಮನ ಗಾಳದ ಬೆಂಡು ಅಲ್ಲಾಡಲೇ ಇಲ್ಲ. ಊರಿನ ಮುದುಕರೊಬ್ಬರು ಅವನನ್ನು ಕೆಣಕಿದರು: "ಏನಪಾ, ಕಬಡ್ಡ್ಯಾಗ ಆ ಕಡಿ ಏಳು ಮಂದೀನ ಮುಟ್ಟಿ ಬರ್ತಿದ್ದಿ, ಒಂದು ಮೀನ ಮುಟ್ಟಾಕ ಆಗವಲ್ದು?"

"ನನ್ನ ಗುರು ಬಂದಿಲ್ಲ ಕಾಕಾ" ಎಂದು ನಕ್ಕ. ಆಮೇಲೆ ಕ್ಯಾಮೆರಾ ಕಡೆ ತಿರುಗಿದ. "ನಂಗ ಗಾಳ ಹಿಡಿಯೋದು ಕಲಿಸಿದಾಕಿ ನಮ್ಮಕ್ಕ. ಇವತ್ತ ಬರಬೇಕಿತ್ತು. ಅವರ ಅತ್ತೀಗೆ ಜ್ವರ. ಹಿರಿಯರನ್ನ ಬಿಟ್ಟು ಟಿವಿಗೆ ಬರೋ ಪೈಕಿ ಅಲ್ಲ ನಮ್ಮಕ್ಕ. ಅಂಥಾಕಿ ಕೈಯಾಗ ಬೆಳದೀನಿ ನಾನು."

ಮೀನಿನ ಗುಟ್ಟು ಹೊರಬಿತ್ತು, ಆದರೆ ಪಕ್ಕದ ಮನೆಯಾಕೆಗೆ ಅದು ಕಿವಿಗೇ ಬಿದ್ದಂತಿರಲಿಲ್ಲ. "ಎಂಥಾ ಸೊಸಿ ಸಿಕ್ಕಾಳ ನೋಡು ದೊಡ್ಡವ್ವ. ಯಾವಾಗ ಬಂದಿತ್ತು ಜ್ವರ?"

ಅತ್ತೆ ಎಲೆ ಅಡಿಕೆ ಅಗಿಯುತ್ತ ನನ್ನನ್ನೊಮ್ಮೆ ನೋಡಿದರು. "ಬಂದಿತ್ತವ್ವ. ಭಾಳ ಬಂದಿತ್ತು" ಅಂದರು.

ಆಕೆ ಹೋದ ಮೇಲೆ ನನ್ನ ಕಡೆ ತಿರುಗಿದರು. "ಏನವ, ನಂಗ ಜ್ವರ ಬಂದಿದ್ದು ಊರಿಗೆಲ್ಲ ಗೊತ್ತೈತಿ. ನಂಗೊಂದು ಮಾತು ಹೇಳಬಾರ್ದೇನು?"

ನಡೆದದ್ದನ್ನೆಲ್ಲ ಹೇಳಿದೆ. ಬೈಯಲಿಲ್ಲ. ಅಂದು ಸಂಜೆ ತಮ್ಮನೇ ಫೋನು ಮಾಡಿ ಅತ್ತೆಯ ಆರೋಗ್ಯ ವಿಚಾರಿಸಿದಾಗ "ಆರಾಮ ಅದೀನಪ್ಪ" ಎಂದು ಫೋನನ್ನು ನನ್ನ ಕೈಗಿಟ್ಟು ಎದುರಿಗೇ ನಿಂತರು. ನಾನು "ಊಟ ಆತೇನು?" ಎಂದು ಕೇಳಿ ಇಟ್ಟುಬಿಟ್ಟೆ.

ಅಲ್ಲಿಂದ ನನಗೆ ಒಳ್ಳೆಯ ಹೆಸರು ಬಂತು. ಸಂತೆಯಲ್ಲಿ ಗುರುತಿಲ್ಲದವರೂ ಮಾತಾಡಿಸಿದರು. ಓಣಿಯ ಹೊಸ ಸೊಸೆಗೆ ಅವಳ ಅತ್ತೆ "ಆಕೀನ ನೋಡಿ ಕಲಿ" ಎಂದು ಬೈದದ್ದು ನಮ್ಮ ಅಡಿಗೆಮನೆಗೆ ಕೇಳಿಸಿತು. ಆ ಹುಡುಗಿ ನೀರಿಗೆ ಬಂದಾಗ ನನ್ನ ಮುಖ ನೋಡಲಿಲ್ಲ. ಅತ್ತೆಯೂ ಕೇಳಿಸಿಕೊಂಡಿದ್ದರು.

"ನಾ ಇನ್ನೆಷ್ಟು ದಿನ ನರಳ್ಲಿ?" ಅಂದರು. "ಹೋಗಿ ನಿನ್ನ ತಮ್ಮಗ ಖರೇ ಹೇಳಿ ಬಾ."

ತಮ್ಮ ಆಗ ಹಡಗಲಿ ಕಡೆ ಹೊಳೆ ದಂಡೆಯಲ್ಲಿದ್ದ. ಮಧ್ಯಾಹ್ನ ಟಿವಿಯವರು ಊಟಕ್ಕೆ ಕೂತಿದ್ದರು. ಅವನು ಮಾತ್ರ ದೂರದಲ್ಲಿ, ಜಾಲಿ ಗಿಡದ ನೆರಳಲ್ಲಿ, ಕೆಟ್ಟ ಕಾಲನ್ನು ಕಲ್ಲಿನ ಮೇಲೆ ಚಾಚಿ ಕೂತಿದ್ದ. ನನ್ನನ್ನು ಕಂಡು ಏಳಲು ಹೋಗಿ, ಮೊಣಕಾಲು ಹಿಡಿದುಕೊಂಡ.

"ಕೂಡ್ರೋ, ಏಳಬ್ಯಾಡ."

"ಏನಕ್ಕ, ಹೇಳ್ದ ಕೇಳ್ದ ಬಂದಿ? ಅತ್ತಿ ಆರಾಮ ಅದಾರಲ್ಲ?"

"ಅವರಿಗೆ ಜ್ವರ ಬಂದಾ ಇರಲಿಲ್ಲ" ಅಂದೆ. ಡಬ್ಬಿ, ಏರಿ, ಖಾಲಿ ಕುರ್ಚಿ, ಓಣಿಯವರ ಮಾತು, ಎಲ್ಲ ಹೇಳಿದೆ.

ಟಿವಿಯವರು ಊಟಕ್ಕೆ ಕರೆದರು, ಅವನು ಕೈ ಆಡಿಸಿ ಬೇಡವೆಂದ.

"ಮೀನ ಹಿಡಿದಿದ್ದು ನಿಂಗ ನಾಚಿಕಿ ಆತಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಆ ಮೀನಾ ಉಂಡು ನಾ ಆಡಿದ್ದು ಅಕ್ಕ."

ಅವನ ಪಕ್ಕದಲ್ಲಿ ನೆಲಕ್ಕೆ ಕೂತೆ.

"ತಪ್ಪಾತೋ ತಮ್ಮಾ. ನಿನ್ನ ಬಾಜೂಕ ಕೂಡ್ರಾಕ ನಾಚಿಕೊಂಡೆ. ಸುಳ್ಳು ಹೇಳಿದೆ. ನೀ ಹೊಗಳಿದಾಗ್ಲೂ ಸುಮ್ನಿದ್ದೆ. ಹೊಟ್ಟ್ಯಾಗ ಹಾಕ್ಕೋ."