ಬೀಗತಿಯ ಮಾನದ ಸೀರೆ

ಕಳೆದ ವರ್ಷ ತುಳಸಿ ಲಗ್ನ ಮುಗಿದು ಮದುವೆಗಳ ಸುಗ್ಗಿ ಶುರುವಾಗಿದ್ದ ದಿನಗಳು. ಮರಾಠಿ ಗಡಿಸೀಮೆಯ ಗಡಹಿಂಗ್ಲಜದ ಪೇಟೆಯಲ್ಲಿ ನಮ್ಮದೊಂದು ಸೀರೆ ಅಂಗಡಿ ಇದೆ. ನನಗೀಗ ಅರವತ್ತಾರು ವರ್ಷ. ಹದಿನೆಂಟನೆಯ ವಯಸ್ಸಿಗೆ ಇಚಲಕರಂಜಿಯಲ್ಲಿ ಸೋದರಮಾವನ ಅಂಗಡಿಯ ಗಾದಿಯ ಮೇಲೆ ಕುಳಿತವನು, ಆಮೇಲೆ ನನ್ನದೇ ಅಂಗಡಿಯ ಗಾದಿಗೆ ಬಂದೆ. ಆಯುಷ್ಯವೆಲ್ಲ ಗಾದಿಯ ಮೇಲೆಯೇ ಹೋಯಿತು.

ಸೀರೆ ವ್ಯಾಪಾರದಲ್ಲಿ ಬಟ್ಟೆಗಿಂತ ಮೊದಲು ಮುಖ ನೋಡುವುದನ್ನು ಕಲಿಯಬೇಕು. ಐದು ಜನ ಹೆಂಗಸರು ಬಂದು ಕುಳಿತರೆ, ಸೀರೆ ಯಾರಿಗೆ ಬೇಕು, ಆರಿಸುವವರು ಯಾರು, ಕೊನೆಗೆ ಒಲ್ಲೆ ಎನ್ನುವವರು ಯಾರು ಎಂಬುದು ಕುಡಿಯಲು ನೀರು ಕೊಡುವುದರೊಳಗೆ ತಿಳಿಯಬೇಕು. ನನಗೆ ತಿಳಿಯುತ್ತಿತ್ತು. ಜಂಬಕ್ಕೆ ಹೇಳುತ್ತಿಲ್ಲ, ಪೇಟೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಆದರೆ ಮೂರು ನಾಲ್ಕು ವರ್ಷಗಳಿಂದ ಈ ವಿದ್ಯೆ ಕೈಕೊಡತೊಡಗಿತ್ತು. ಗಿರಾಕಿಗೆ ಸೀರೆ ಮನಸ್ಸಿಗೆ ಬಂತು ಎಂದುಕೊಂಡು ಕಟ್ಟಲು ಹೇಳಿದರೆ ಅವರು ಎದ್ದು ಹೊರಟಿರುತ್ತಿದ್ದರು. ಒಮ್ಮೆ ಒಬ್ಬ ಹೆಂಗಸು ಸಿಟ್ಟಾಗಿದ್ದಾಳೆಂದು ಸಮಾಧಾನ ಹೇಳಲು ಹೋದರೆ, "ಇಲ್ರಿ ಮಾಲಕರ, ನನ್ನ ಮಾರೀನ ಹಿಂಗ ಐತಿ" ಎಂದು ನಕ್ಕುಬಿಟ್ಟಳು. ಕಣ್ಣಿನ ಡಾಕ್ಟರಿಗೆ ತೋರಿಸಿ ಹೊಸ ಚಷ್ಮಾ ಹಾಕಿಸಿಕೊಂಡೆ. ನೂಲು ಎಣಿಸುವಷ್ಟು ಸ್ಪಷ್ಟವಾಗಿ ಕಾಣತೊಡಗಿತು, ಮುಖಗಳು ಮಾತ್ರ ಮೊದಲಿನ ಹಾಗೇ ಉಳಿದವು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅಂಗಡಿಯಲ್ಲಿ ನನ್ನ ಜೊತೆ ಕೂರುವ ಸೊಸೆ ರೂಪಾಳಿಗಂತೂ ಬಾಯಿ ಬಿಟ್ಟಿರಲಿಲ್ಲ.

ಆ ದಿನ ಹುಪರಿಯಿಂದ ಒಂದು ಮನೆತನದವರು ಬಸ್ತಾಕ್ಕೆ ಬಂದರು. ನಮ್ಮ ಕಡೆ ಮದುವೆ ಗೊತ್ತಾದ ಮೇಲೆ ಗಂಡಿನವರು, ಹೆಣ್ಣಿನವರು ಒಂದೇ ಅಂಗಡಿಯಲ್ಲಿ ಎದುರಾಬದುರಾ ಕುಳಿತು ಮದುವೆಯ ಬಟ್ಟೆಯನ್ನೆಲ್ಲ ಒಟ್ಟಿಗೆ ತೆಗೆಯುತ್ತಾರೆ, ಅದಕ್ಕೆ ಬಸ್ತಾ ಎನ್ನುತ್ತಾರೆ. ಬೆಳಿಗ್ಗೆ ಕುಳಿತರೆ ಸಂಜೆಯಾಗುತ್ತದೆ. ಎಷ್ಟೋ ನೆಂಟಸ್ತನಗಳು ಗಟ್ಟಿಯಾಗುವುದು ಅಲ್ಲಿಯೇ, ಒಂದೆರಡು ಮುರಿದು ಬೀಳುವುದೂ ಅಲ್ಲಿಯೇ.

ಹುಡುಗ ಹುಪರಿಯಲ್ಲಿ ಬೆಳ್ಳಿ ಕಾಲುಗೆಜ್ಜೆ ಮಾಡುವ ಮನೆಯವನು. ಅವನ ತಾಯಿ ಬಂದಿದ್ದರು, ಕಡಿಮೆ ಮಾತಿನ ಹೆಂಗಸು. ಜೊತೆಗೆ ಅವನ ಸೋದರತ್ತೆ. ಎಲ್ಲರೂ ಆಕೆಯನ್ನು ಆತ್ಯಾ ಎನ್ನುತ್ತಿದ್ದರು. ಅರವತ್ತರ ಹತ್ತಿರದ ವಯಸ್ಸು, ಬರಿಯ ಹಣೆ, ಬೂದಿ ಬಣ್ಣದ ಸೀರೆ, ಹರಿತವಾದ ನಾಲಿಗೆ. ಈ ಕಡೆ ಹುಡುಗಿ ದೀಪಾ, ಗಡಹಿಂಗ್ಲಜದ ಪಕ್ಕದ ಹಳ್ಳಿಯವಳು, ಮತ್ತು ಅವಳ ತಾಯಿ. ತಾಯಿಗೆ ನಲವತ್ತೈದು ಇದ್ದೀತು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಆಕೆ ಗಾದಿಯ ಮೂಲೆಯಲ್ಲಿ ಸೆರಗು ಹೊದ್ದು, ತನಗೂ ಈ ಬಸ್ತಾಕ್ಕೂ ಸಂಬಂಧವೇ ಇಲ್ಲ ಎನ್ನುವ ಹಾಗೆ ಕುಳಿತಿದ್ದರು.

ಮೊದಲು ದೀಪಾಳ ಶಾಲು, ಅಂದರೆ ಮದುಮಗಳ ಜರಿ ಸೀರೆ, ತೆಗೆದೆವು. ದಾಳಿಂಬೆ ಬಣ್ಣ, ದೊಡ್ಡ ಜರಿ ಅಂಚು. ಹೆಗಲ ಮೇಲೆ ಹಾಕಿದಾಗ ಹುಡುಗಿ ಅರಳಿಬಿಟ್ಟಳು. ಆತ್ಯಾ ಕೂಡ, "ಛಲೋ ಕಾಣತೈತಿ. ನಮ್ಮ ಹುಡುಗ ಗೆಜ್ಜಿ ಮಾಡೂದ ಮರೀತಾನ" ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ಆಮೇಲೆ ಹುಡುಗನ ತಾಯಿ ಮೆಲ್ಲಗೆ, "ಇನ್ನ ಬೀಗತ್ಯಾರಿಗೆ ಮಾನದ್ದ ತೋರಸ್ರಿ" ಎಂದರು. ಹೆಣ್ಣು ಹೆತ್ತು ಸಾಕಿದ ತಾಯಿಗೆ ಗಂಡಿನ ಕಡೆಯವರು ಕೊಡುವ ಸೀರೆ ಅದು.

ನಾನು ಬೀಗತಿಯ ಹಣೆಯ ಕಡೆ ಒಮ್ಮೆ ನೋಡಿ, ನಮ್ಮ ಹಳೆಯ ನೌಕರ ಬಸಪ್ಪನಿಗೆ, "ಸಾದಾ ತಾ" ಎಂದೆ. ನಮ್ಮ ಅಂಗಡಿಯಲ್ಲಿ ಸಾದಾ ಎಂದರೆ ವಿಧವೆಯರಿಗೆಂದು ಬೇರೆ ಕಪಾಟಿನಲ್ಲಿಟ್ಟ ಸೀರೆಗಳು. ಬೂದಿ, ಮಣ್ಣು, ಮಬ್ಬು ನೀಲಿ ಬಣ್ಣದವು. ಗಿರಾಕಿಯ ಎದುರು ಆ ಕೆಟ್ಟ ಶಬ್ದ ಆಡಬಾರದೆಂದು ಈ ಹೆಸರು ಇಟ್ಟವನೂ ನಾನೇ. ಬಹಳ ಸೂಕ್ಷ್ಮದ ಮನುಷ್ಯ ಎಂದು ನನ್ನ ಬಗ್ಗೆ ನನಗೇ ಅಭಿಮಾನವಿತ್ತು. ಬಸಪ್ಪ ಹತ್ತು ಸೀರೆ ತಂದು ಆ ತಾಯಿಯ ಮುಂದೆ ಇಳಿಸಿದ. ನಾನು ದೀಪಾಳ ಮುಖ ನೋಡಿದೆ. ನಗುತ್ತಿದ್ದಳು. ಎಲ್ಲವೂ ಸರಿಯಾಗಿ ನಡೆದಿದೆ ಎಂದುಕೊಂಡೆ.

ರೂಪಾ ಸರಿದು ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಮಾಮಾರ, ಆ ಹುಡುಗಿ ಅಳಾಕತ್ತಾಳ."

"ಏನ ಹೇಳತಿ? ನಗಾಕತ್ತಾಳಲ್ಲ."

"ನಗು ಅಷ್ಟ ಉಳದೈತ್ರಿ. ಕಣ್ಣ ನೋಡ್ರಿ ಆಕೀವು."

ಮತ್ತೆ ನೋಡಿದೆ. ನನಗೆ ನಗುವೇ ಕಂಡಿತು. "ನಿನ್ನೆ ಮೊನ್ನೆ ಗಾದಿಗೆ ಬಂದಾಕಿ, ನನಗ ಹೇಳಾಕ ಬರತಿ ಏನ" ಎಂದು ಗದರಿಸಿದೆ.

ಇನ್ನೊಂದು ಗಳಿಗೆಯೂ ಆಗಿರಲಿಲ್ಲ. ದೀಪಾ ಹೆಗಲ ಮೇಲಿನ ಶಾಲು ತೆಗೆದು ನನ್ನ ಕಡೆ ಸರಿಸಿದಳು. "ಮಾಲಕರ, ಇದು ನನಗ ಬ್ಯಾಡ್ರಿ. ನಮ್ಮವ್ವನ ಮುಂದ ಇಟ್ಟೀರಲ್ಲ, ಅದರಾಗಿಂದ ನನಗೂ ಒಂದು ಕೊಡ್ರಿ. ಇಬ್ರೂ ಒಂದ ನಮೂನಿ ಉಟಗೋತೇವಿ."

ಮದುವೆಯಾಗಬೇಕಾದ ಹುಡುಗಿ, ಬಸ್ತಾ ತೆಗೆಯುವಾಗ, ಅಂಥ ಸೀರೆ ಕೇಳುವುದೆಂದರೆ! ಆತ್ಯಾ ದಿಗ್ಗನೆ ಎದ್ದರು. "ಅಯ್ಯ ಶಿವನ! ಲಗ್ನಕ್ಕಿಂತ ಮದ್ಲ ನಮ್ಮ ಹುಡುಗನ ಮ್ಯಾಲ ಅಪಶಕುನ ನುಡೀತೀಯೇನ? ಚಲಾ, ಉಠಾ ಸಗಳೇ!" ಸಿಟ್ಟು ನೆತ್ತಿಗೇರಿದರೆ ನಮ್ಮ ಜನಕ್ಕೆ ಮರಾಠಿ ಬರುತ್ತದೆ. ಎಲ್ಲರೂ ಏಳಿ ಎಂದು ಹೇಳಿ ಆತ್ಯಾ ಚಪ್ಪಲಿಯಲ್ಲಿ ಕಾಲಿಟ್ಟೇಬಿಟ್ಟರು. ಆ ತಾಯಿ ಗಾದಿಯ ಮೇಲೆ ಮೊಣಕಾಲೂರಿ ಬಂದು, "ಬಾಯಿ ಮುಚ್ಚ, ನಿನ್ನ ಪಾದಕ್ಕ ಬೀಳತೇನಿ" ಎಂದು ಮಗಳಿಗೆ ಹೇಳುತ್ತ, ಆತ್ಯಾನ ಕಡೆ ತಿರುಗಿ ಕೈ ಮುಗಿದು ಅಳತೊಡಗಿದರು. ಅಪ್ಪನಿಲ್ಲದ ಹುಡುಗಿಗೆ ಬಂದ ಒಳ್ಳೆಯ ಮನೆ. ಅದು ನನ್ನ ಗಾದಿಯ ಮೇಲೆಯೇ ಮುರಿಯುವುದರಲ್ಲಿತ್ತು, ಅದೂ ನನ್ನ ಒಂದು ಮಾತಿನಿಂದ.

ನಲವತ್ತರ ವಯಸ್ಸಿನಲ್ಲಾಗಿದ್ದರೆ ಹತ್ತು ಮಾತಾಡುತ್ತಿದ್ದೆ. ತಂಪು ಪಾನೀಯ ತರಿಸುತ್ತಿದ್ದೆ, ನಗೆಚಾಟಿಕೆ ಮಾಡುತ್ತಿದ್ದೆ, ಇಲ್ಲವೇ ಹುಡುಗಿಗೆ ಬುದ್ಧಿ ಹೇಳಲು ಹೋಗಿ ಬೆಂಕಿಗೆ ತುಪ್ಪ ಹಾಕುತ್ತಿದ್ದೆ. ಅವತ್ತು ಅದೇಕೋ ಅದ್ಯಾವುದೂ ಬಾಯಿಗೆ ಬರಲಿಲ್ಲ. ಗಲ್ಲಾದಿಂದ ಇಳಿದು ಹೋಗಿ ಆ ತಾಯಿಯ ಎದುರು ಕುಳಿತೆ. ಕೈ ಮುಗಿದೆ.

"ಅಕ್ಕಾರ, ತಪ್ಪು ನಂದೈತ್ರಿ. ಬೀಗರು ಮಾನದ ಸೀರಿ ತೋರಸ್ರಿ ಅಂದ್ರು, ಅಷ್ಟ. ಇಂಥಾದ್ದ ತೋರಸ್ರಿ ಅನಲಿಲ್ಲ. ನನ್ನ ತಲಿಗೆ ಬಂದಿದ್ದನ್ನ ನಾ ತರಿಸಿದೆ. ಅವರದೂ ತಪ್ಪಿಲ್ಲ, ನಿಮ್ಮ ಮಗಳದೂ ತಪ್ಪಿಲ್ಲ. ಬಸಪ್ಪಾ, ಇವನ್ನ ಎತ್ತು."

ಬಸಪ್ಪ ಸೀರೆಗಳನ್ನು ಎತ್ತಿದ. ಆತ್ಯಾ ಚಪ್ಪಲಿ ಹಾಕಿಕೊಂಡೇ ನಿಂತಿದ್ದರು. "ಅದರಾಗ ಏನ ತಪ್ಪೈತ್ರಿ? ನಾ ಇಪ್ಪತ್ತ ವರ್ಷ ಆತು ಅವನ್ನ ಉಡಾಕತ್ತು. ನನಗೇನ ಆಗೇತಿ?" ಎಂದರು. ಗಂಟಲು ದೊಡ್ಡದಾಗಿತ್ತು. ಆದರೆ ಆ ದನಿಯಲ್ಲಿ ಸಿಟ್ಟಲ್ಲದ ಬೇರೇನೋ ಇತ್ತು.

ಬೀಗತಿಯನ್ನೇ ಕೇಳಿದೆ. "ಅಕ್ಕಾರ, ನಿಮಗ ಯಾವ ಬಣ್ಣ ಸೇರತೈತ್ರಿ?"

"ನನಗೆಂಥಾ ಬಣ್ಣ ತಗೋರಿ ಇನ್ನ. ಯಾವದಾದ್ರೂ ಒಂದ ಕೊಡ್ರಿ."

ನಾನು ಸುಮ್ಮನೆ ಕುಳಿತೆ. ಗಿರಾಕಿ ಸುಮ್ಮನಾದರೆ ವ್ಯಾಪಾರಿಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ನಾನು ಹರೆಯದಲ್ಲಿ ಒಂದು ಕ್ಷಣವೂ ಹಾಗೆ ಬಿಡುತ್ತಿರಲಿಲ್ಲ. ಅವತ್ತು ಬಿಟ್ಟೆ. ರೂಪಾ ಏನೋ ಹೇಳಹೊರಟಾಗ ಕೈಸನ್ನೆ ಮಾಡಿ ತಡೆದೆ. ಬಹಳ ಹೊತ್ತಿನ ಮೇಲೆ ಆ ತಾಯಿಯ ಕೈ ಸೆರಗಿನೊಳಗಿಂದ ಹೊರಗೆ ಬಂತು. ಬೆಳಿಗ್ಗೆಯಿಂದ ತೋರಿಸಿ ಬದಿಗಿಟ್ಟಿದ್ದ ರಾಶಿಯಲ್ಲಿ ಉಳ್ಳಾಗಡ್ಡಿ ಸಿಪ್ಪೆಯ ನಸುಗೆಂಪು ಬಣ್ಣದ್ದೊಂದು ಇತ್ತು, ಸಣ್ಣ ಅಂಚಿನದು. ಅದರ ಮೇಲೆ ಎರಡು ಬೆರಳು ಇಟ್ಟರು. "ಇದು ಭಾಳ ಆಗತೈತೇನ್ರಿ?" ಎಂದು ಕೇಳಿದ್ದು ನನ್ನನ್ನಲ್ಲ, ಹುಡುಗನ ತಾಯಿಯನ್ನು.

ಹುಡುಗನ ತಾಯಿ ಆ ಸೀರೆಯನ್ನು ತೆಗೆದು ಬೀಗತಿಯ ಉಡಿಯಲ್ಲಿಟ್ಟರು. "ಏನೂ ಭಾಳ ಆಗೂದಿಲ್ರಿ. ಲಗ್ನದ ದಿವಸ ಇದನ್ನ ಉಟಗೊಂಡ ನಿಂದರಬೇಕ ನೋಡ್ರಿ ಮತ್ತ. ಪೆಟ್ಟಿಗ್ಯಾಗ ಇಟ್ರ ನಾ ಸಿಟ್ಟಾಗತೇನಿ." ದೀಪಾ ಅವ್ವನ ಹೆಗಲಿಗೆ ಮುಖ ಒತ್ತಿಕೊಂಡಳು. ಈ ಸಲ ಅಳುತ್ತಿದ್ದಾಳೆಂದು ನನಗೂ ತಿಳಿಯಿತು, ಯಾಕೆಂದರೆ ದನಿ ಕೇಳಿಸುತ್ತಿತ್ತು.

ಆತ್ಯಾ ಚಪ್ಪಲಿ ಬಿಟ್ಟು ಬಂದು ಕುಳಿತರು. ಆದರೆ ಗೋಡೆಯ ಕಡೆ ಮುಖ ಮಾಡಿ. ನಾನು ಮೆಲ್ಲಗೆ, "ಆತ್ಯಾರ, ನಿಮಗೂ ಒಂದು ತಗೀಬೇಕಲ್ರಿ. ನಿಮಗ ಯಾವ ಬಣ್ಣ?" ಎಂದೆ.

"ನನಗ ಕೇಳಬ್ಯಾಡ್ರಿ. ಕೇಳೂ ಹೊತ್ತು ಹೋತು" ಎಂದರು. ತಾವೇ ಬಸಪ್ಪನನ್ನು ಕರೆದು ಬೂದಿ ಬಣ್ಣದ್ದೊಂದು ತೆಗೆಸಿಕೊಂಡರು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೋ ಏನೋ, ಇವತ್ತಿಗೂ ತಿಳಿಯದು. ಸಂಜೆ ಐದರ ಹೊತ್ತಿಗೆ ಬಸ್ತಾ ಕಟ್ಟಿ, ಗಂಟಿಗೆ ಕುಂಕುಮ ಹಚ್ಚಿ, ಎಲ್ಲರೂ ಚಹಾ ಕುಡಿದು ಹೊರಟರು.

ಅವರು ಹೋದ ಮೇಲೆ ನಾನು, ರೂಪಾ ಸೀರೆ ಮಡಚುತ್ತ ಕುಳಿತೆವು. "ಮಾಮಾರ, ಆ ಆತ್ಯಾ ಎಂಥಾ ಜಗಳಗಂಟಿ ಅದಾರ್ರಿ" ಎಂದಳು.

"ಜಗಳಗಂಟಿ ಅಲ್ಲವಾ. ಆಕಿಗೆ ಸಂಕಟ ಆಗೇತಿ. ಇಪ್ಪತ್ತ ವರ್ಷ ತನಗ ಯಾರೂ ಕೇಳಲಾರದ್ದನ್ನ ಇವತ್ತ ತನ್ನ ಕಣ್ಣ ಮುಂದ ಇನ್ನೊಬ್ಬಾಕಿಗೆ ಕೇಳಿದ್ರಲ್ಲ."

ರೂಪಾ ಕೈಯಲ್ಲಿದ್ದ ಸೀರೆ ಹಾಗೇ ಹಿಡಿದು ನನ್ನನ್ನು ನೋಡಿದಳು. "ನನಗ ಅದು ಹೊಳೀಲೇ ಇಲ್ರಿ."

"ನನಗ ಆ ಹುಡುಗಿ ಅಳಾಕತ್ತಿದ್ದ ಕಾಣಲಿಲ್ಲ. ನೀ ಹೇಳಿದ್ರೂ ಕಾಣಲಿಲ್ಲ. ಸುಮ್ಮಸುಮ್ಮನ ನಿನ್ನ ಗದರಿಸಿದೆ" ಎಂದೆ. ಈ ಮುಖಗಳ ಸುದ್ದಿಯನ್ನೆಲ್ಲ ಅವಳಿಗೆ ಅವತ್ತು ಹೇಳಿಬಿಟ್ಟೆ. ಹೇಳಿದ ಮೇಲೆ ಹಗುರಾಯಿತು. "ಹಂಗಾರ ನಾ ಕಣ್ಣ ನೋಡತೇನಿ, ನೀವ ಮನಸ್ಸ ನೋಡ್ರಿ" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಆಮೇಲೆ ಅವಳು ಏನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ, ಸುಮ್ಮನೆ ಮಾತಿಗೆ ಕೇಳಿದಳು. "ಮಾಮಾರ, ನಮ್ಮ ಅಜ್ಜಿಗೆ ಯಾವ ಬಣ್ಣ ಸೇರತಿತ್ರಿ?"

ಅಜ್ಜಿ ಎಂದರೆ ನನ್ನ ಅವ್ವ. ರೂಪಾ ಆಕೆಯನ್ನು ಫೋಟೋದಲ್ಲಷ್ಟೇ ನೋಡಿದ್ದಾಳೆ. ಅವ್ವನಿಗೆ ಯಾವ ಬಣ್ಣ ಸೇರುತ್ತಿತ್ತೋ ನನಗೆ ಗೊತ್ತೇ ಇರಲಿಲ್ಲ.

ಅಪ್ಪ ತೀರಿದಾಗ ನನಗೆ ಇಪ್ಪತ್ತೆರಡು. ಆಮೇಲೆ ಅವ್ವ ಮೂವತ್ತು ವರ್ಷ ಇದ್ದಳು. ಪ್ರತಿ ದೀಪಾವಳಿಗೆ, ಪ್ರತಿ ಯುಗಾದಿಗೆ, ಹೊಸ ಮಾಲು ಬಂದ ಕೂಡಲೇ ಸಾದಾದಲ್ಲಿ ಎಲ್ಲಕ್ಕಿಂತ ಮೆತ್ತಗಿನ ಸೀರೆಯನ್ನು ಅವ್ವನಿಗೆಂದು ಎತ್ತಿಡುತ್ತಿದ್ದೆ. ಅವಳು ಕಣ್ಣಿಗೊತ್ತಿಕೊಂಡು, "ಭಾಳ ಛಲೋ ಐತಿ" ಎನ್ನುತ್ತಿದ್ದಳು. ನಗುತ್ತಿದ್ದಳು. ಆಗ ನನ್ನ ಕಣ್ಣು, ನನ್ನ ವಿದ್ಯೆ ಎರಡೂ ಗಟ್ಟಿಯಾಗಿದ್ದವು.

ತಡೆಯಲಾಗದೆ ಅಲ್ಲಿಂದಲೇ ದತ್ತವಾಡದಲ್ಲಿರುವ ಅಕ್ಕನಿಗೆ ಫೋನು ಮಾಡಿದೆ. ಕೇಳಿದೆ.

"ಈಗ್ಯಾಕ ಕೇಳತಿ ತಮ್ಮಾ?" ಎಂದಳು. ಆಮೇಲೆ ಹೇಳಿದಳು. "ಗಿಳಿ ಹಸರ ಸೇರತಿತ್ತ ಅವ್ವಗ. ನಾ ತವರಿಗೆ ಬಂದಾಗೊಮ್ಮೆ ನನ್ನ ಪೆಟ್ಟಿಗಿ ತಗದು, ನನ್ನ ಹಸರ ಸೀರಿ ಹೆಗಲ ಮ್ಯಾಲ ಹಾಕ್ಕೊಂಡು ಕನ್ನಡಿ ಮುಂದ ನಿಂದರತಿದ್ಲು. ನೀ ಅಂಗಡಿಯಿಂದ ಊಟಕ್ಕ ಬರೂ ಹೊತ್ತಿಗೆ ಮಡಚಿ ಇಟ್ಟಬಿಡತಿದ್ಲು. 'ಅವಂಗ ಹೇಳಬ್ಯಾಡವಾ. ಪಾಪ, ಪ್ರೀತಿಲೆ ತರತಾನ. ತಿಳದ್ರ ಮನಸಿಗೆ ಹಚಗೋತಾನ' ಅಂತಿದ್ಲು."

ಫೋನು ಇಟ್ಟು ಅಲ್ಲೇ ಗಾದಿಯ ಮೇಲೆ ಕುಳಿತು ಅತ್ತೆ. ರೂಪಾ ಕಾರಣ ಕೇಳದೆ, ಒಂದು ಲೋಟ ನೀರು ತಂದು ಪಕ್ಕಕ್ಕಿಟ್ಟು ಒಳಗೆ ಹೋದಳು.

ಈಗ ನಮ್ಮ ಅಂಗಡಿಗೆ ಯಾರೇ ಬಂದರೂ ಮೊದಲು ಕೇಳುತ್ತೇನೆ, ಕೇಳಿ ಕಾಯುತ್ತೇನೆ. ಹೆಚ್ಚಿನವರು ಒಂದಿಲ್ಲೊಂದು ಬಣ್ಣ ಹೇಳುತ್ತಾರೆ. ಈ ಗಡಹಿಂಗ್ಲಜ ತಾಲೂಕಿನ ಎಷ್ಟೋ ಹೆಂಗಸರಿಗೆ ಏನು ಸೇರುತ್ತದೆ ಎಂಬುದು ನನಗೆ ಬಾಯಿಪಾಠವಿದೆ. ನಮ್ಮ ಮನೆಯಲ್ಲೇ ಇದ್ದವಳಿಗೆ ಮಾತ್ರ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ.