ದಾದರ್ ಬರುವುದರೊಳಗೆ ಮುಗಿಯುವ ಆಟ

ಗೆಳೆಯರೇ, ಇವತ್ತು ಬೆಳಿಗ್ಗೆ ಮಲಾಡಿನಿಂದ ಹೊರಟ ಫಾಸ್ಟ್ ಲೋಕಲ್ ರೈಲಿನಲ್ಲಿ ಆಟವಾಡುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಶೆಟ್ಟರು ನನ್ನ ಮೊಬೈಲಿಗೆ ಇಣುಕಿದರು. ಉಡುಪಿ ಕಡೆಯವರು, ದಾದರ್‌ನ ಹೋಟೆಲೊಂದರ ಮ್ಯಾನೇಜರ್, ನನ್ನ ದಿನನಿತ್ಯದ ಸಹಪ್ರಯಾಣಿಕ.

“ಎಂಥದು ಮಾರಾಯ್ರೆ, ಈಸಿ ಮೋಡ್‌ನಲ್ಲಾ ಆಡುದು? ಅದೊಂದು ಆಟವಾ?”

“ನನಗೆ ದಾದರ್ ಬರೋದ್ರೊಳಗೆ ಮುಗೀಬೇಕು, ಅಷ್ಟೇ.”

“ಮುಗಿಸ್ಲಿಕ್ಕೆ ಯಾರು ಆಡ್ತಾರೆ?”

ಅವರು ತಮ್ಮ ಮೊಬೈಲಿನ ಆಟದಲ್ಲಿ, ಹಾರ್ಡ್ ಮೋಡ್‌ನಲ್ಲಿ, ಮೂರು ವಾರದಿಂದ ಒಂದೇ ರಾಕ್ಷಸನ ಕೈಯಲ್ಲಿ ಸಾಯುತ್ತಿದ್ದಾರೆ.

ಈ ನೂಕುನುಗ್ಗಲಿನಲ್ಲಿ ಹಿಂದಿನ ಸ್ಟೇಷನ್ ಬಾಂದ್ರಾದಲ್ಲೇ ಎದ್ದು ಬಾಗಿಲ ಬಳಿ ಸೇರದಿದ್ದರೆ ದಾದರ್‌ನಲ್ಲಿ ಇಳಿಯುವುದು ಅಸಾಧ್ಯ. ನನ್ನ ಆಟ ಗೆದ್ದು ಮುಗಿದಿತ್ತು, ಎದ್ದೆ. ತಮ್ಮ ಆಟದಲ್ಲಿ ಮುಳುಗಿದ್ದ ಶೆಟ್ಟರು ಏಳಲಿಲ್ಲ.

“ಶೆಟ್ರೆ, ಹೋಟೆಲಿನ ಸ್ಟೋರ್ ರೂಮಿನ ಕೀ ನಿಮ್ಮ ಹತ್ರಾನೇ ಇದೆ. ಅಡುಗೆ ಭಟ್ರು ಕಾಯ್ತಿರ್ತಾರೆ.”

“ಎರಡೇ ಪೆಟ್ಟು ಬಾಕಿ. ನೀವು ಸುಮ್ಮನಿರಿ!”

ಪ್ಲಾಟ್‌ಫಾರ್ಮಿಗೆ ಇಳಿದು ತಿರುಗಿ ನೋಡಿದೆ. ಕಿಟಕಿಯ ಸರಳುಗಳ ಹಿಂದೆ ತಲೆ ತಗ್ಗಿಸಿಕೊಂಡೇ ಅವರು ಮುಂಬಯಿ ಸೆಂಟ್ರಲ್ ಕಡೆಗೆ ಹೋದರು.

ಅರ್ಧ ಗಂಟೆಯ ಮೇಲೆ ಫೋನ್ ಬಂತು. “ಸತ್ತೆ ಮಾರಾಯ್ರೆ. ಒಂದೇ ಪೆಟ್ಟು ಬಾಕಿ ಇತ್ತು. ಇಲ್ಲಿ ಭಟ್ರು ಬೇರೆ ಬೈತಾ ಇದ್ದಾರೆ. ಆದ್ರೆ ಆ ರಾಕ್ಷಸನ ಗುಟ್ಟು ಗೊತ್ತಾಯ್ತು, ನಾಳೆ ಬಿಡುದಿಲ್ಲ.”

ಸೋತವರ ದನಿಯಲ್ಲಿ ಇಷ್ಟು ಉತ್ಸಾಹವನ್ನು ನಾನು ಕೇಳಿರಲಿಲ್ಲ. ಬೆಳಿಗ್ಗೆ ನಾನು ಗೆದ್ದ ಆಟದ ಬಗ್ಗೆಯೂ ಇಲ್ಲಿ ಒಂದು ಸಾಲು ಬರೆಯೋಣವೆಂದುಕೊಂಡೆ. ಅದರ ಹೆಸರು ನೆನಪಾಗುತ್ತಿಲ್ಲ.