ಹಳೇ ಬಾಗಿಲ ಮೇಲಿನ ವಿಳಾಸ

ಅಫಜಲಪುರದ ಶಿವಪ್ರಕಾಶನ ಕಸುಬು ವೆಬ್‌ಸೈಟುಗಳನ್ನು ಹಳೇ ವಿಳಾಸದಿಂದ ಹೊಸ ವಿಳಾಸಕ್ಕೆ ಸಾಗಿಸುವುದು. ಗಾಣಗಾಪುರದ ಲಾಡ್ಜಿನವರು ಹೆಸರು ಬದಲಿಸಿದಾಗಲೆಲ್ಲ ಇವನನ್ನೇ ಕರೆಯುತ್ತಾರೆ. ಹಳೆಯ ಮುನ್ನೂರು ಪುಟಗಳನ್ನೂ ಒಂದೊಂದಾಗಿ ಒತ್ತಿ, ಪ್ರತಿಯೊಂದೂ ಅದರ ಹೊಸ ಪುಟಕ್ಕೇ ಕರೆದೊಯ್ಯುತ್ತದೆಂದು ಖಾತ್ರಿಯಾಗುವ ತನಕ ಅವನು ಚಹಾ ಮುಟ್ಟುವುದಿಲ್ಲ. “ಹಳೇದು ಬಂದ್ ಮಾಡಿಬಿಡ್ರಿ” ಎಂದರೆ ಸಿಡುಕುತ್ತಾನೆ: “ಗೂಗಲ್‌ನ್ಯಾಗ ತಳಕ್ಕ ಬೀಳ್ತೀರಿ. ಹಳೇ ಬಾಗಲಕ್ಕ ಬಂದವ್ರು ಎಲ್ಲಿ ಹೋಗಬೇಕ್ರಿ?” ಜೇವರ್ಗಿಯಲ್ಲಿ ಅವನು ಬಿಟ್ಟುಬಂದ ಬಾಡಿಗೆ ಮನೆಯ ಬಾಗಿಲ ಮೇಲೆ ಅವನ ಅಫಜಲಪುರದ ವಿಳಾಸವಿದೆ. ಬಣ್ಣ ಮಾಸಿದಂತೆಲ್ಲ ಹೋಗಿ ಮತ್ತೆ ಬರೆದು ಬರುತ್ತಾನೆ. ಒಂಬತ್ತು ವರ್ಷದ ಹಿಂದೆ ಬುದ್ಧಿ ಬಲಿಯದ ಅವನ ತಮ್ಮ ಗುರುಲಿಂಗ ಕಾಣೆಯಾದದ್ದು ಆ ಮನೆಯಿಂದಲೇ. ತಿರುಗಿ ಬಂದರೆ ಬರುವುದೂ ಅಲ್ಲಿಗೇ. ಗುರುಲಿಂಗನಿಗೆ ಓದಲು ಬರುವುದಿಲ್ಲ. ಅದಕ್ಕೇ ಅಣ್ಣ ಪ್ರತಿ ಸಲ ಅಕ್ಷರಗಳನ್ನು ಇನ್ನಷ್ಟು ದೊಡ್ಡದಾಗಿ ಬರೆಯುತ್ತಾನೆ.